ಜಗಳಕ್ಕೆ ಸಿಗದ ಬೀಗಿತ್ತಿ

ಕಂಪ್ಲಿಯಂಥ ಊರಿನಲ್ಲಿ ಒಂದೇ ಭಾಷೆ ಇಟ್ಟುಕೊಂಡು ಬಾಳುವೆ ಮಾಡುವುದೆಂದರೆ ಹುಡುಗಾಟವಲ್ಲ. ಅಲ್ಲಿ ನೆಲ್ಲು ತೂಗುವವನು ತೆಲುಗಿನಲ್ಲಿ ಎಣಿಸುತ್ತಾನೆ, ಲಾರಿಯವನು ಉರ್ದುವಿನಲ್ಲಿ ಬೈಯುತ್ತಾನೆ, ಚಾದಂಗಡಿಯವನು ಗಿರಾಕಿಯ ಮುಖ ನೋಡಿ ಭಾಷೆ ಆರಿಸಿಕೊಳ್ಳುತ್ತಾನೆ. ನಿನ್ನೆ ಮೊನ್ನೆ ಮಾತು ಕಲಿತ ಕೂಸುಗಳು ಕೂಡ ನೀರು, ನೀಳ್ಳು, ಪಾನಿ ಅಂತ ಮೂರು ಥರ ಅಳುತ್ತವೆ. ಇಂಥ ಊರಿನಲ್ಲಿ ಕೊಟ್ರಮ್ಮ ಕನ್ನಡವೊಂದನ್ನೇ ನೆಚ್ಚಿಕೊಂಡು ಅರ್ಧ ಆಯುಷ್ಯ ಕಳೆದಿದ್ದಳು, ಅದೂ ದರ್ಬಾರಿನಿಂದ.

ಈ ಕೊಟ್ರಮ್ಮ ರೈಸ್ ಮಿಲ್ ತೋಟಪ್ಪನ ಹೆಂಡತಿ. ತವರು ಕೊಟ್ಟೂರು. ಮದುವೆಯಾಗಿ ಕಂಪ್ಲಿಗೆ ಬಂದಾಗಿನಿಂದ ಅಕ್ಕಪಕ್ಕದವರೆಲ್ಲ ಆಕೆಯ ಕಿವಿಯ ಹತ್ತಿರ ತೆಲುಗಿನಲ್ಲೇ ಬದುಕಿದ್ದರು. ಆದರೂ ಆಕೆಗೆ ಬಂದದ್ದು 'ಬಾಗುಂದಿ' ಅನ್ನುವ ಒಂದು ಪದ ಮಾತ್ರ. ಚೆನ್ನಾಗಿದೆ ಅಂತ ಅದರ ಅರ್ಥ ಎಂದು ಕಂಪ್ಲಿಯ ಬೆಕ್ಕಿಗೂ ಗೊತ್ತು. "ಇಷ್ಟ್ ವರ್ಷ ಆತು, ಅಕ್ಕಾರಿಗೆ ತೆಲುಗು ಯಾಕ ಬರ್ಲಿಲ್ಲ?" ಎಂದು ಯಾರಾದರೂ ಕೇಳಿದರೆ ತೋಟಪ್ಪನೇ ಉತ್ತರ ಕೊಡುತ್ತಿದ್ದ. "ಬ್ಯಾರೆ ಭಾಷೆ ಬರ್ಬೇಕಂದ್ರ ನಡುನಡುವ ಬಾಯಿ ಮುಚ್ಚಿ ಕೇಳಬೇಕಾಗತೈತಿ. ಈಕಿಗೆ ಅಷ್ಟು ಪುರಸೊತ್ತು ಎಲ್ಲೈತ್ರಿ?"

ತೋಟಪ್ಪನಿಗೇನು, ಅವನದು ಬೇರೆ ಲೆಕ್ಕ. ವ್ಯಾಪಾರಕ್ಕೆ ತೆಲುಗು, ಹಮಾಲರಿಗೆ ಉರ್ದು, ದೇವರಿಗೆ ಕನ್ನಡ. ಸುಳ್ಳು ಹೇಳುವುದಿದ್ದರೆ ತೆಲುಗಿನಲ್ಲೇ ಹೇಳುತ್ತಿದ್ದ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೊಟ್ರಮ್ಮನಿಗೆ ಆ ಸವಲತ್ತು ಇರಲಿಲ್ಲ. ಹಾಲಿನವನಿಗೂ ಅದೇ ಮಾತು, ಇಷ್ಟಲಿಂಗಕ್ಕೂ ಅದೇ ಮಾತು, ಕಟ್ಟೆ ಏರಿದ ನಾಯಿಗೂ ಅದೇ ಮಾತು. ಒಳಗೆ ಏನಿದೆಯೋ ಅದಷ್ಟೂ ಆ ಒಂದೇ ಬಾಗಿಲಿನಿಂದ ಹೊರಗೆ ಬರಬೇಕು. ಹಾಗಾಗಿ ಕೊಟ್ರಮ್ಮನ ಸಿಟ್ಟು, ಪ್ರೀತಿ, ಹೊಟ್ಟೆಕಿಚ್ಚು ಯಾವುದೂ ಓಣಿಯಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ.

ಇನ್ನು ಜಗಳದ ವಿಷಯ. ಅಯ್ಯೋ, ಜಗಳವೆಂದರೆ ಆಕೆಗೆ ಊಟದ ಜೊತೆಗಿನ ಉಪ್ಪಿನಕಾಯಿ. ಹಾಗಂತ ಕೆಟ್ಟ ಹೆಂಗಸಲ್ಲ. ಆಕೆಯ ಅತ್ತೆ ಬಾಯಿಬಡುಕಿ; ಅತ್ತೆ ಸೊಸೆ ಬೆಳಿಗ್ಗೆ ಶುರು ಹಚ್ಚಿಕೊಂಡರೆ ಮಿಲ್ಲಿನ ಮಷೀನು ನಿಂತಿದೆಯೋ ಓಡುತ್ತಿದೆಯೋ ತಿಳಿಯುತ್ತಿರಲಿಲ್ಲ. ಆದರೆ ಕೊಟ್ರಮ್ಮ ಹೆರಿಗೆಯಲ್ಲಿ ಸತ್ತು ಬದುಕಿದಾಗ ಹಗಲೂ ರಾತ್ರಿ ಮಗ್ಗುಲಲ್ಲಿ ಕೂತವಳು ಅದೇ ಅತ್ತೆ. ಅತ್ತ ಕೊಟ್ರಮ್ಮನ ಅಕ್ಕ ಪಂಪಮ್ಮನನ್ನು ಕೊಟ್ಟ ಮನೆಯಲ್ಲಿ ಅತ್ತೆಯ ಮಾತೆಲ್ಲ ಬೆಣ್ಣೆ. "ನಮ್ಮವ್ವ, ನಮ್ಮ ಬಂಗಾರ" ಎನ್ನುತ್ತಲೇ ಆ ಮಹಾತಾಯಿ ಪಂಪಮ್ಮನ ಹೊಟ್ಟೆಗೆ ಸರಿಯಾಗಿ ಹಾಕಲಿಲ್ಲ. ಎದುರಿಗೆ ಬೈದಿದ್ದರೆ ಪಂಪಮ್ಮನೂ ಎದುರಾಡುತ್ತಿದ್ದಳು. ಮುದ್ದು ಮಾಡುವವರ ಎದುರು ಏನಂತ ಜಗಳ ತೆಗೆಯುವುದು? ಆಕೆ ಸೊರಗಿ ಸೊರಗಿ ತವರಿಗೆ ಬಂದಾಗ ಗುರುತೇ ಸಿಕ್ಕಿರಲಿಲ್ಲ. ಆವತ್ತಿನಿಂದ ಕೊಟ್ರಮ್ಮನಿಗೆ ಸಿಹಿ ಮಾತಿನವರನ್ನು ಕಂಡರೆ ಎದೆ ಡವಡವ.

ಈಗ ಅದೇ ಭಯ ಮನೆ ಬಾಗಿಲಿಗೇ ಬಂದಿತ್ತು.

ಮಗಳು ಶೈಲಜಾ ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಅದಿರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಳು. ಅದೇ ಲ್ಯಾಬಿನ ಈಶ್ವರ್‌ನನ್ನು ಮೆಚ್ಚಿಕೊಂಡಿದ್ದಳು. ಹುಡುಗನ ಊರು ಆಂಧ್ರದ ನಂದ್ಯಾಲ. ಅವರ ಕೊರಳಲ್ಲೂ ಲಿಂಗ, ಇವರ ಕೊರಳಲ್ಲೂ ಲಿಂಗ, ಆದ್ದರಿಂದ ತೋಟಪ್ಪನ ಕಡೆಯಿಂದ ತಕರಾರಿರಲಿಲ್ಲ. ಈಶ್ವರ್ ಕನ್ನಡ ಕಲಿತದ್ದು ಸಂಡೂರಿನ ಲಾರಿ ಡ್ರೈವರುಗಳಿಂದ. ಮೊದಲ ಸಲ ಮನೆಗೆ ಬಂದವನೇ "ಅತ್ತೀ, ಪುಂಡಿಪಲ್ಯ ಮಸ್ತ್ ಐತಿ, ಇನ್ನೊಂದಿಷ್ಟು ಜಡೀರಿ" ಎಂದು ತಟ್ಟೆ ಒಡ್ಡಿದ್ದ. ಕೊಟ್ರಮ್ಮನಿಗೆ ಹುಡುಗ ಅಲ್ಲೇ ಹಿಡಿಸಿಬಿಟ್ಟ. ತೊಂದರೆಯೆಲ್ಲ ಇದ್ದದ್ದು ಅವನ ತಾಯಿಯಲ್ಲಿ. ಮದುವೆಯಾದ ಮೇಲೆ ಇಬ್ಬರಿಗೂ ನಂದ್ಯಾಲದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ, ವಾಸ ಅತ್ತೆಯ ಮನೆಯಲ್ಲಿ. ಆ ಅತ್ತೆಯ ಹೆಸರು ಭ್ರಮರಾಂಬ. ಆಕೆಗೂ ಬರುತ್ತಿದ್ದದ್ದು ಒಂದೇ ಭಾಷೆ, ತೆಲುಗು.

ಹೆಣ್ಣು ನೋಡಲು ಅವರು ಕಂಪ್ಲಿಗೆ ಬಂದ ದಿನ ಕೊಟ್ರಮ್ಮ ಹೋಳಿಗೆ ಮಾಡಿದ್ದಳು. ಗಡಿಬಿಡಿಯಲ್ಲಿ ಹೆಂಚಿನ ಮೇಲೆ ಧ್ಯಾನ ಇಲ್ಲದೆ ಎಲ್ಲವೂ ಅಡಿ ಹತ್ತಿದ್ದವು. ಭ್ರಮರಾಂಬ ಎತ್ತರದ, ಅಗಲ ಹಣೆಯ, ವಿಭೂತಿ ಹಚ್ಚಿದ ಹೆಂಗಸು. ಬಾಯಿ ತೆರೆದರೆ ಪಡಸಾಲೆ ತುಂಬುವಂಥ ದನಿ. ಕೊಟ್ರಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಇಂಥ ದನಿಯವಳ ಜೊತೆ ಮಾತಾಡಬಹುದು ಅನ್ನಿಸಿ ನೇರ ವಿಷಯಕ್ಕೇ ಬಂದಳು.

"ನಮ್ಮ ಹುಡುಗಿ ಕೆಲಸಕ್ಕ ಹೋಗಾಕಿ. ಮುಂಜಾನಿ ಅಡಿಗಿ ಯಾರು ಮಾಡ್ತಾರ, ಕೇಳ್ರಿ" ಎಂದಳು ಗಂಡನಿಗೆ.

ತೋಟಪ್ಪ ಹಲ್ಲು ಕಿರಿದು ಅದನ್ನು ತೆಲುಗಿಗೆ ತಿರುಗಿಸಿದ. ಭ್ರಮರಾಂಬ ಮಗನ ಕಡೆ ಕೈ ಬೀಸಿ ಬೀಸಿ ಏನೇನೋ ಹೇಳಿದಳು. ಈಶ್ವರ್‌ನ ಕಿವಿ ಕೆಂಪಾಯಿತು.

"ಎಲ್ಲಾ ನಿಮ್ಮ ಇಷ್ಟ ಅಂತಾರ ಅಮ್ಮ" ಎಂದ.

"ಹುಡುಗಿಗೆ ಮೂಗಿನ ತುದಿಗೇ ಸಿಟ್ಟು ಐತಿ. ನಾಳೆ ಹೇಳ್ಲಿಲ್ಲ ಅನ್ನಬ್ಯಾಡ್ರಿ."

ಇದನ್ನು ಶೈಲಜಾಳೇ ತೆಲುಗಿನಲ್ಲಿ ಹೇಳಿದಳು, ತಲೆ ತಗ್ಗಿಸಿ, ಎರಡೇ ಮಾತಿನಲ್ಲಿ. ಭ್ರಮರಾಂಬ ಜೋರಾಗಿ ಏನೋ ಅಂದಳು. ಈಶ್ವರ್, "ಭಾಳ ಸಂತೋಷ ಅಂತಾರ" ಎಂದ. ಆಮೇಲೆ ಆಕೆ ಹೋಳಿಗೆ ಮುರಿದು ಬಾಯಿಗಿಟ್ಟು, ಅದರ ತಳ ತಿರುಗಿಸಿ ನೋಡಿ, ಕೊಟ್ರಮ್ಮನ ಮುಖ ನೋಡಿ, ಮತ್ತೇನೋ ಅಂದಳು. "ಹೋಳಿಗಿ ಅಂದ್ರ ಹಿಂಗಿರಬೇಕು ಅಂತಾರ ಅಮ್ಮ" ಎಂದ ಈಶ್ವರ್.

ಕೊಟ್ರಮ್ಮನ ಎದೆ ಧಸಕ್ಕೆಂದಿತು. ಸೀದ ಹೋಳಿಗೆಯನ್ನು ಹೊಗಳುವ ಹೆಂಗಸು! ಕೇಳಿದ್ದಕ್ಕೆಲ್ಲ ನಿಮ್ಮ ಇಷ್ಟ ಅನ್ನುವ ಹೆಂಗಸು! ಪಂಪಮ್ಮನ ಅತ್ತೆಯೇ ತೆಲುಗಿನಲ್ಲಿ ಹುಟ್ಟಿ ಬಂದು ಎದುರಿಗೆ ಕೂತ ಹಾಗಾಯಿತು.

ಅವರು ಹೋದ ಮೇಲೆ ಗಂಡನನ್ನು ಹಿಡಿದುಕೊಂಡಳು. "ಏನ್ರೀ, ಆಯಮ್ಮ ಅಷ್ಟು ದೊಡ್ಡ ದನಿ ತೆಗೆದು, ಹುಬ್ಬು ಹಾರಿಸಿ, ಬರೀ ಭಾಳ ಸಂತೋಷ ಅಂದ್ಲಾ?"

"ತೆಲುಗಿನ ರಾಗನ ಹಂಗ ಲೇ. ಹಾಲು ಕುಡೀರಿ ಅಂದ್ರೂ ಹೊಡ್ಯಾಕ ಬಂದಂಗ ಕೇಳತೈತಿ" ಎಂದು ತೋಟಪ್ಪ ಮಿಲ್ಲಿಗೆ ಜಾರಿದ.

ಶೈಲಜಾ ತಾಯಿಯ ಸಮಾಧಾನಕ್ಕೆ ಫೋನಿನಲ್ಲಿ ಭಾಷೆ ಬದಲಿಸುವ ಆ್ಯಪ್ ಹಾಕಿಕೊಟ್ಟಳು. ಕೊಟ್ರಮ್ಮ ಅದರ ಮುಂದೆ ತನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಉಸಿರು ಬಿಡದೆ ಹೇಳಿದಳು. ಅದು ಸುಮ್ಮನೆ ಗಿರಗಿರ ತಿರುಗಿ, ದಯವಿಟ್ಟು ಮತ್ತೊಮ್ಮೆ ಹೇಳಿ ಎಂದಿತು. ಮತ್ತೆ ಹೇಳಿದಳು. ಅದು ಮತ್ತೆ ದಯವಿಟ್ಟು ಎಂದಿತು. "ಇದಕ್ಕೂ ಮರ್ಯಾದಿ ಜಾಸ್ತಿ ಆಗೈತಿ, ತೆಗಿ ಅತ್ಲಾಗ" ಎಂದು ಫೋನನ್ನು ಸೋಫಾದ ಮೇಲೆ ಒಗೆದಳು.

ಹೀಗೇ ಜವಳಿಯ ದಿನ ಹತ್ತಿರ ಬಂತು. ಇವರ ಕಡೆ ಮದುವೆಯ ಬಟ್ಟೆಯನ್ನು ಎರಡೂ ಮನೆಯವರು ಕೂಡಿಯೇ ತೆಗೆಯಬೇಕು. ಮದುಮಗಳ ಧಾರೆ ಸೀರೆ ಆರಿಸುವ ಹಕ್ಕು ಗಂಡಿನ ತಾಯಿಯದು. ಕೊನೆಗೆ ಎಲ್ಲವನ್ನೂ ಒಂದು ಹೊಸ ಬಟ್ಟೆಯಲ್ಲಿ ಇಟ್ಟು, ಅರಿಸಿನ ಕುಂಕುಮ ಏರಿಸಿ, ಬೀಗಿತ್ತಿಯರಿಬ್ಬರೂ ಸೇರಿ ಗಂಟು ಹಾಕುತ್ತಾರೆ. ಆ ಗಂಟು ಬಿದ್ದ ಮೇಲೆ ಮದುವೆ ಮುರಿಯುವ ಮಾತಿಲ್ಲ. ಅದಕ್ಕೆ ಮುಂಚೆ ಮುರಿದರೆ ಯಾರೂ ಹೆಚ್ಚು ಆಡಿಕೊಳ್ಳುವುದಿಲ್ಲ.

ಆ ದಿನ ಬೆಳಿಗ್ಗೆ ಹೊಸಪೇಟೆಗೆ ಹೊರಟ ಕಾರಿನಲ್ಲಿ, ಕಮಲಾಪುರದ ಬಾಳೆತೋಟಗಳು ಬರುವ ಹೊತ್ತಿಗೆ, ಕೊಟ್ರಮ್ಮ ಬಾಯಿ ಬಿಟ್ಟಳು. "ನಾನು ಹೇಳೋದನ್ನ ಇಬ್ರೂ ಕೇಳಿಸ್ಕೊಳ್ರಿ. ಇವತ್ತು ಆಯಮ್ಮನ ಬಾಯಿಂದ ಒಂದರ ಖರೇ ಮಾತು ಬರಬೇಕು. ಬರ್ಲಿಲ್ಲ ಅಂದ್ರ ನಾನು ಗಂಟು ಹಾಕಂಗಿಲ್ಲ."

"ಅಮ್ಮ, ಏನ್ ಮಾತಾಡ್ತಿ ನೀನು?" ಶೈಲಜಾಳ ಮುಖ ಬಿಳಿಚಿತು.

"ಜಗಳ ಆಡಾಕ ಬರದ ಹೆಂಗಸಿನ ಮನಿಗೆ ಮಗಳನ್ನ ಹೆಂಗ ಕೊಡ್ಲಿ? ನಾಳೆ ನಿನ್ಗ ಏನರ ಆದ್ರ ನಾನು ಫೋನ್ ಮಾಡಿ ಆಕಿಗೆ ಏನಂತ ಬೈಲಿ? ಯಾವ ಭಾಷೆಯಾಗ ಬೈಲಿ?"

ತೋಟಪ್ಪ ನಗಲು ಹೋಗಿ, ಕನ್ನಡಿಯಲ್ಲಿ ಹೆಂಡತಿಯ ಕಣ್ಣು ನೋಡಿ, ನಗು ನುಂಗಿಕೊಂಡ. ಆಕೆ ತಮಾಷೆ ಮಾಡುತ್ತಿರಲಿಲ್ಲ. ಶೈಲಜಾ ಹೊಸಪೇಟೆ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಭ್ರಮರಾಂಬ, ಆಕೆಯ ಗಂಡ, ಈಶ್ವರ್ ಮೂವರೂ ರೈಲಿಗೆ ಬಂದು ಆಗಲೇ ಅಂಗಡಿಯಲ್ಲಿ ಕೂತಿದ್ದರು. ಬಜಾರಿನ ದೊಡ್ಡ ಜವಳಿ ಅಂಗಡಿ ಅದು. ಕೆಳಗೆ ಸೀರೆ, ಮೇಲೆ ಗಂಡಸರ ಬಟ್ಟೆ. ಬಿಳಿ ಹಾಸಿಗೆಯ ಮೇಲೆ ಸೀರೆ ಹರವಲು ಕೂತವನು ಹುಸೇನಪ್ಪ ಎಂಬ ಹಳೆಯ ಕೆಲಸಗಾರ. ಬೀಗರಿಬ್ಬರೂ ಸ್ವಲ್ಪ ಹೊತ್ತು ಕೂತಂತೆ ಮಾಡಿ, "ಸೀರಿ ವ್ಯವಹಾರ ಹೆಂಗಸ್ರದು" ಎಂದು ಮಂಡಾಳು ಒಗ್ಗರಣಿ, ಮಿರ್ಚಿ ತಿನ್ನಲು ಹೊರಗೆ ನಡೆದರು. ಈಶ್ವರ್‌ಗೆ ಕೋಟು ಅಳತೆ ಕೊಡಬೇಕಿತ್ತು. ಶೈಲಜಾ ಹೋಗಲೋ ಬೇಡವೋ ಎಂದು ತಾಯಿಯ ಮುಖ ನೋಡಿದಳು. "ಹೋಗು, ನಾನೇನು ಆಕೀನ್ನ ನುಂಗಂಗಿಲ್ಲ" ಎಂದಳು ಕೊಟ್ರಮ್ಮ. ಅವರಿಬ್ಬರೂ ಮೇಲೆ ಹೋದರು.

ಹುಸೇನಪ್ಪ ಕೈ ಜೋಡಿಸಿದ. "ಹೇಳ್ರಿ ಅಕ್ಕಾರ. ನನ್ಗ ಎರಡೂ ಭಾಷೆ ಬರತಾವ. ನೀವು ಹೇಳಿದ್ದನ್ನ ಅವರಿಗೆ ಹೇಳ್ತೀನಿ, ಅವರು ಹೇಳಿದ್ದನ್ನ ನಿಮ್ಗ."

ಸೀರೆಗಳು ಬಿಚ್ಚಿಕೊಳ್ಳತೊಡಗಿದವು. ಕೊಟ್ರಮ್ಮನ ಕಣ್ಣು ಬಿದ್ದದ್ದು ಒಂದು ಕುಂಕುಮ ಕೆಂಪಿನ ಪಟ್ಟೆ ಸೀರೆಯ ಮೇಲೆ. ಗೇಣಗಲದ ಜರಿ ಅಂಚು, ಎತ್ತಿದರೆ ಕೈ ಸೋಲುವ ಭಾರ. ಕಂಪ್ಲಿಯ ಮಂದಿ ಚಪ್ಪರದ ಆಚೆಯಿಂದಲೇ ನೋಡಿ ಮಾತಾಡಿಕೊಳ್ಳುವಂಥ ಸೀರೆ. ಭ್ರಮರಾಂಬ ಅದರ ಅಂಚನ್ನು ಬೆರಳಿನಲ್ಲಿ ಹಿಸುಕಿ ನೋಡಿ ಪಕ್ಕಕ್ಕೆ ಸರಿಸಿದಳು. ಕೊಟ್ರಮ್ಮ ಇನ್ನೊಂದನ್ನು ಎಳೆದಳು, ಅದಕ್ಕೂ ದಪ್ಪ ಜರಿ. ಅದನ್ನೂ ಆಕೆ ಸರಿಸಿದಳು. ಆಮೇಲೆ ತಾನೇ ಮೂಲೆಯಿಂದ ಒಂದು ತೆಳುವಾದ, ಬೆರಳಗಲದ ಅಂಚಿನ ಕೆಂಪು ಸೀರೆ ತೆಗೆದು ಮುಂದೆ ಇಟ್ಟಳು.

ಅದರ ಅಂಚು ನೋಡುತ್ತಲೇ ಕೊಟ್ರಮ್ಮನಿಗೆ ಎಲ್ಲ ಅರ್ಥವಾಯಿತು, ಅಂದರೆ ಅರ್ಥವಾಯಿತು ಅಂದುಕೊಂಡಳು. ಬಾಯಲ್ಲಿ ಸಕ್ಕರೆ, ಕೈ ಮಾತ್ರ ಬಿಗಿ! ಧಾರೆ ಸೀರೆಗೇ ಹೀಗೆ ಕೈ ಹಿಡಿಯುವವಳು ನಾಳೆ ಮಗಳ ತಟ್ಟೆಗೆ ಏನು ಬಡಿಸಿಯಾಳು?

"ಹುಸೇನಪ್ಪ, ಹೇಳು ಆಯಮ್ಮಗ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನನ್ನ ಮಗಳು ರಸ್ತೆಯಾಗ ಬಿದ್ದು ಸಿಕ್ಕಾಕಿ ಅಲ್ಲ. ಈ ಸೊಳ್ಳಿ ಪರದೆಯಂಥ ಸೀರಿ ಉಟ್ಟು ಚಪ್ಪರದಾಗ ಕುಂತ್ರ ನಮ್ಮ ಮಂದಿ ನಮ್ಮ ಮುಖಕ್ಕ ಉಗೀತಾರ. ಇಷ್ಟು ಜಿಪುಣಿ ಆಗಿದ್ರ ಮಗನ ಮದುವಿ ಜವಳಿಗೆ ಯಾಕ ಬಂದ್ರಿ, ಮನ್ಯಾಗ ಕುಂದ್ರಬೇಕಿತ್ತು!"

ಹುಸೇನಪ್ಪ ಗಂಟಲು ಸರಿಮಾಡಿಕೊಂಡು, ಮುಖದ ತುಂಬ ನಗು ತಂದುಕೊಂಡು, ಭ್ರಮರಾಂಬನ ಕಡೆ ತಿರುಗಿ ತೆಲುಗಿನಲ್ಲಿ ಪುಟ್ಟ ಮಾತೊಂದನ್ನು ಹೇಳಿದ. ಅದರ ಬಾಲದಲ್ಲಿ 'ಬಾಗುಂದಿ' ಇತ್ತು.

ಕೊಟ್ರಮ್ಮನ ಕಿವಿ ನೆಟ್ಟಗಾಯಿತು. ತನ್ನ ಅಷ್ಟುದ್ದದ ಮಾತು ತೆಲುಗಿನಲ್ಲಿ ಇಷ್ಟೇ ಆಗುತ್ತದೆಯೇ? ಅದೂ ಬಾಗುಂದಿ?

"ಏ ಹುಸೇನಪ್ಪ, ನಾನು ಯಾವಾಗ ಬಾಗುಂದಿ ಅಂದೆ?"

ಹುಸೇನಪ್ಪ ಸಿಕ್ಕಿಬಿದ್ದ. ಆದರೂ ಅವನ ಮುಖದಲ್ಲಿ ನಾಚಿಕೆ ಅನ್ನುವುದು ಇರಲಿಲ್ಲ. "ಅಕ್ಕಾರ, ಮದುವಿ ಜವಳಿ ರೀ ಇದು. ಇಲ್ಲಿ ಕುಂತು ಬೀಗಿತ್ತೇರು ಆಡಿದ್ದನ್ನ ಆಡಿದಂಗ ಹೇಳಿದ್ರ ಈ ಊರಾಗ ಒಂದರ ಮದುವಿ ಆಗತಿತ್ತೇನ್ರಿ? ಬಾಗುಂದಿ ಅಂತ ಅಂದ್ಬಿಟ್ರ ಎರಡೂ ಮನಿ ತಣ್ಣಗಿರತಾವ. ಎಲ್ಲಾರೂ ಹಂಗ ಮಾಡ್ತಾರ."

ಎಲ್ಲರೂ ಹಾಗೇ ಮಾಡುತ್ತಾರೆ! ಕೊಟ್ರಮ್ಮನ ತಲೆಯಲ್ಲಿ ಗಂಡನ ಕಿರಿದ ಹಲ್ಲು, ಈಶ್ವರ್‌ನ ಕೆಂಪು ಕಿವಿ, ಮಗಳ ಎರಡೇ ಮಾತು ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಅಯ್ಯೋ ಕಳ್ಳರಾ! ಅತ್ತ ಭ್ರಮರಾಂಬನೂ ಹುಸೇನಪ್ಪನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಎದುರಿನ ಹೆಂಗಸು ಸೆರಗು ಸಿಕ್ಕಿಸಿ ಕೂಗಾಡಿದ್ದು ಆಕೆಗೂ ಕಂಡಿತ್ತು. ಹಾಗೆ ಕೂಗಾಡುತ್ತ ಯಾರೂ ಚೆನ್ನಾಗಿದೆ ಅನ್ನುವುದಿಲ್ಲ ಅನ್ನುವಷ್ಟು ಬುದ್ಧಿ ನಂದ್ಯಾಲದಲ್ಲೂ ಇರುತ್ತದೆ. ಆಕೆ ಬೆರಳು ತೋರಿಸಿ ಏನೋ ಗದರಿದಳು. ಹುಸೇನಪ್ಪ ಸೀರೆ ಮಡಚುವ ನೆಪದಲ್ಲಿ ಹಿಂದಕ್ಕೆ ಸರಿದ.

ಈಗ ನಡುವೆ ಯಾರೂ ಇರಲಿಲ್ಲ.

ಕೊಟ್ರಮ್ಮ ದಪ್ಪ ಜರಿಯ ಸೀರೆಯನ್ನು ಎಳೆದು ತನ್ನ ತೊಡೆಯ ಮೇಲೆ ಹಾಕಿಕೊಂಡಳು. "ಇದ! ನನ್ನ ಮಗಳಿಗೆ ಇದ ಬೇಕು!" ಭ್ರಮರಾಂಬ ಅದರ ಇನ್ನೊಂದು ತುದಿ ಹಿಡಿದು ತೆಲುಗಿನಲ್ಲಿ ಗುಡುಗಿದಳು. ಕೊಟ್ರಮ್ಮ ಕನ್ನಡದಲ್ಲಿ ಸಿಡಿದಳು. ಆಹಾ, ಏನು ಜಗಳ ಅದು! ಒಬ್ಬಳು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಇನ್ನೊಬ್ಬಳು ಹೊಕ್ಕಳು. ಒಂದು ಮಾತೂ ತಿಳಿಯದಿದ್ದರೂ ಒಂದು ಸರದಿಯೂ ತಪ್ಪಲಿಲ್ಲ. ಅಕ್ಕಪಕ್ಕದ ಹಾಸಿಗೆಯ ಗಿರಾಕಿಗಳು ಸೀರೆ ಬಿಟ್ಟು ಇತ್ತ ತಿರುಗಿ ಕೂತರು. ಕೊಟ್ರಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು, ಜೊತೆಗೆ ಎಷ್ಟೋ ದಿನದಿಂದ ಎದೆ ಮೇಲೆ ಕೂತಿದ್ದ ಕಲ್ಲು ಒಂದಿಷ್ಟು ಸರಿದ ಹಾಗೂ ಇತ್ತು. ಈ ಹೆಂಗಸು ಬೆಣ್ಣೆಯಲ್ಲ. ಆದರೆ ಜಿಪುಣಿಯೋ?

ಅಷ್ಟರಲ್ಲಿ ಭ್ರಮರಾಂಬ ಫಕ್ಕನೆ ಮಾತು ನಿಲ್ಲಿಸಿದಳು. ಮುಂದಕ್ಕೆ ಬಗ್ಗಿ ಕೊಟ್ರಮ್ಮನ ಕೈ ಹಿಡಿದು, ಬಳೆಗಳನ್ನು ಮೇಲಕ್ಕೆ ಸರಿಸಿ, ಮುಂಗೈಯ ಒಳಬದಿಗೆ ಆ ಗೇಣಗಲದ ಜರಿಯನ್ನು ಒತ್ತಿ ಉಜ್ಜಿದಳು. ಚುರ್ ಎಂದಿತು. ಅಲ್ಲೊಂದು ಕೆಂಪು ಗೆರೆ ಎದ್ದಿತು. ಅದೇ ಜಾಗಕ್ಕೆ ತಾನು ತೆಗೆದಿಟ್ಟಿದ್ದ ತೆಳು ಸೀರೆಯ ಅಂಚನ್ನು ಸವರಿದಳು. ಏನೂ ಆಗಲಿಲ್ಲ.

ಕೊಟ್ರಮ್ಮ ಕೈ ನೋಡಿಕೊಂಡಳು. ಭ್ರಮರಾಂಬ "ಶೈಲಜ" ಎಂದಳು. ಎಂದವಳೇ ನೆಟ್ಟಗೆ ಕೂತು, ತಲೆ ತಗ್ಗಿಸಿ, ತುಟಿಯ ಮೇಲೆ ಸಣ್ಣ ನಗು ತಂದುಕೊಂಡು, ಒಂದು ಬೆರಳನ್ನು ಮೆಲ್ಲಗೆ ಕುತ್ತಿಗೆಯ ಹತ್ತಿರ ಒಯ್ದು ಕುಪ್ಪಸದ ಅಂಚನ್ನು ಚರ್ಮದಿಂದ ಬಿಡಿಸಿದಳು. ಯಾರೋ ನೋಡಿದರೆಂಬಂತೆ ಕೈ ಇಳಿಸಿ ಮತ್ತೆ ನಕ್ಕಳು. ಮತ್ತೆ ಬೆರಳು ಕುತ್ತಿಗೆಗೆ ಹೋಯಿತು, ಮತ್ತೆ ನಗು. ಆ ದಪ್ಪ ದನಿಯ, ಅಗಲ ಹಣೆಯ ಹೆಂಗಸಿನ ಮೈಯಲ್ಲಿ ಕೊಟ್ರಮ್ಮನಿಗೆ ತನ್ನ ಮಗಳು ಕಂಡಳು, ಹೆಣ್ಣು ನೋಡುವ ದಿನ ಚಾಪೆಯ ಮೇಲೆ ಕೂತಿದ್ದ ಮಗಳು. ಆವತ್ತು ಆಕೆಗೆ ಜರಿ ಅಂಚಿನ ಬಿಗಿ ಕುಪ್ಪಸ ಹೊಲಿಸಿ ತೊಡಿಸಿದವಳು ಕೊಟ್ರಮ್ಮನೇ.

"ಶೈಲೀ!" ಎಂದು ಕೊಟ್ರಮ್ಮ ಕೂಗಿದ ಕೂಗಿಗೆ ಮೇಲಿನ ಅಂತಸ್ತು ನಡುಗಿತು.

ಶೈಲಜಾ, ಅರ್ಧ ಕೋಟಿನ ಈಶ್ವರ್ ಇಬ್ಬರೂ ಓಡಿ ಬಂದರು. ಒಗ್ಗರಣಿ ಮುಗಿಸಿ ಬೀಡಾ ಹಾಕಿಕೊಂಡು ಬರುತ್ತಿದ್ದ ಬೀಗರಿಬ್ಬರೂ ಬಾಗಿಲಲ್ಲೇ ನಿಂತರು.

"ಕುತ್ತಿಗಿ ತೋರ್ಸು."

"ಅಮ್ಮ, ಏನೂ ಆಗಿಲ್ಲ..."

"ತೋರ್ಸಂದೆ."

ಇವತ್ತೂ ತಾಯಿ ತೆಗೆದಿಟ್ಟಿದ್ದ ಜರಿ ಕುಪ್ಪಸವನ್ನೇ ಶೈಲಜಾ ತೊಟ್ಟಿದ್ದಳು. ಜಡೆ ಸರಿಸಿದರೆ ಕುತ್ತಿಗೆಯ ಸುತ್ತ ಕೆಂಪಗೆ ಬೊಬ್ಬೆ ಎದ್ದಿದ್ದವು, ಹಳೆಯವೂ ಇದ್ದವು, ಹೊಸವೂ ಇದ್ದವು.

"ಯಾವಾಗಿಂದ?"

"ಮೊದ್ಲಿಂದ್ಲೂ ಜರಿ ಆಗಿಬರಂಗಿಲ್ಲಮ್ಮ ನನ್ಗ."

"ನನ್ಗ ಯಾಕ ಹೇಳ್ಲಿಲ್ಲ?"

"ನೀ ಆಸೆಪಟ್ಟು ತರ್ತಿದ್ದಿ. ಬ್ಯಾಸರ ಮಾಡ್ಕೋತಿ ಅಂತ, ಚಲೋ ಐತಿ ಅಂತಿದ್ದೆ."

ಕೊಟ್ರಮ್ಮ ಮಗಳ ಜಡೆಯನ್ನು ತಾನೇ ಸರಿಸಿ ಇನ್ನೊಮ್ಮೆ ನೋಡಿದಳು. ತನಗೂ ಮಗಳಿಗೂ ನಡುವೆ ಇದ್ದದ್ದು ಒಂದೇ ಭಾಷೆ. ಜೋಗುಳ ಹಾಡಿದ ಭಾಷೆ, ಹೊಡೆದು ಊಟ ಮಾಡಿಸಿದ ಭಾಷೆ. ಅದರಲ್ಲೂ ಮಗಳು ಇಷ್ಟು ವರ್ಷ ತಾಯಿಗೆ ಬಾಗುಂದಿಯನ್ನೇ ಹೇಳುತ್ತ ಬಂದಿದ್ದಳು. ಒಂದು ಮಾತೂ ಅರ್ಥವಾಗದ ಊರಿನಿಂದ ಬಂದ ಹೆಂಗಸು ಒಂದೇ ಮಧ್ಯಾಹ್ನ ಎದುರಿಗೆ ಕೂತು ಕುತ್ತಿಗೆ ನೋಡಿಕೊಂಡು ಹೋಗಿದ್ದಳು. ಕೊಟ್ರಮ್ಮನಿಗೆ ಅವಮಾನವಾಯಿತು. ಅದರ ಅಡಿಯಲ್ಲಿ, ಹೇಳಲು ನಾಚಿಕೆಯಾಗುವಷ್ಟು ಖುಷಿಯೂ ಆಯಿತು.

ಕಣ್ಣೊರೆಸಿಕೊಂಡು ಅಳಿಯನಾಗುವವನ ಕಡೆ ತಿರುಗಿದಳು. "ಈಶ್ವರ, ಇಲ್ಲಿ ಬಾ. ಆವತ್ತು ಅಡಿಗಿ ಯಾರು ಮಾಡ್ತಾರ ಅಂದಿದ್ದಕ್ಕ ನಿಮ್ಮಮ್ಮ ಏನಂದ್ರು? ಸುಳ್ಳು ಹೇಳಿದ್ರ ಕೋಟಿನ ತೋಳು ಕಿತ್ತು ಹಾಕ್ತೀನಿ."

ಈಶ್ವರ್ ತೋಟಪ್ಪನನ್ನು ನೋಡಿದ. ತೋಟಪ್ಪ ಸೀಲಿಂಗ್ ಫ್ಯಾನು ನೋಡಿದ.

"ಯಾರಿಗೆ ಹಸಿವಾಗತೈತೋ ಅವರು ಮಾಡ್ಕೊಳ್ಳಿ, ನನ್ನ ಮಗ ಏನ್ ಕೈಗೆ ಗೋರಂಟಿ ಹಚ್ಚಿಕೊಂಡು ಕುಂತಾನೇನು ಅಂದ್ರು ಅತ್ತೀ."

"ಆಂ? ಮತ್ತ ಹುಡುಗಿಗೆ ಸಿಟ್ಟು ಭಾಳ ಅಂದಿದ್ದಕ್ಕ?"

"ಅದನ್ನ ಶೈಲಜಾ ಸರಿಯಾಗಿ ಹೇಳ್ಲೇ ಇಲ್ರಿ. ನನ್ಗ ದೊಡ್ಡೋರ್ನ ಕಂಡ್ರ ಭಾಳ ಗೌರವ ಅಂದ್ಲು. ಅದಕ್ಕ ಅಮ್ಮ, ಗೌರವ ಬ್ಯಾಡ, ಬಾಯಿ ಐತೋ ಇಲ್ಲೋ, ಗೊಂಬಿಯಂಥಾಕಿ ನನ್ನ ಜೋಡಿ ಹೆಂಗ ಬಾಳ್ತಾಳ ಅಂದ್ರು."

ಕೊಟ್ರಮ್ಮನ ತುಟಿ ಅದುರತೊಡಗಿತು. "ಹೋಳಿಗಿ?"

"ಸೀದಾವ ಅಂದ್ರು. ಪಾಪ ಆಯಮ್ಮ ನಮ್ಮನ್ನ ನೋಡಿ ಹೆದರ್ಯಾಳ, ಅದಕ್ಕ ಕೈ ತಪ್ಪೈತಿ, ಹೆದರಬ್ಯಾಡ ಅಂತ ಹೇಳು ಅಂದ್ರು."

ಕೊಟ್ರಮ್ಮ ನಕ್ಕಳು. ನಗು ಅಂದರೆ ಅಂಥಿಂಥ ನಗುವಲ್ಲ, ಹಾಸಿಗೆಯ ಮೇಲೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಭ್ರಮರಾಂಬ ಮಗನ ಭುಜಕ್ಕೆ ಗುದ್ದಿ, ಏನು ಹೇಳಿದೆ ಎಂದು ಕೇಳಿರಬೇಕು. ಅವನು ಹೇಳಿದ ಮೇಲೆ ಅವಳಿಗೂ ತಿಳಿಯಿತು, ತನ್ನ ಮಾತಿಗೆ ಇವರೆಲ್ಲ ಎಷ್ಟು ಸಕ್ಕರೆ ಬೆರೆಸಿದ್ದರೆಂದು. ಆಕೆ ಮಗನಿಗೂ ಗಂಡನಿಗೂ ಸೇರಿಸಿ ಬೈಯತೊಡಗಿದಳು. ಕೊಟ್ರಮ್ಮ ತೋಟಪ್ಪನಿಗೆ ಶುರು ಹಚ್ಚಿದಳು. ಎರಡು ಭಾಷೆ ಬಲ್ಲವರೆಲ್ಲ ಗೋಡೆಗೆ ಆನಿಕೊಂಡು ತಲೆ ತಗ್ಗಿಸಿ ನಿಂತರು. ಹುಸೇನಪ್ಪ ಯಾರೂ ಕೇಳದೆಯೇ ಎಲ್ಲರಿಗೂ ಚಾ ತರಿಸಿದ.

ಧಾರೆ ಸೀರೆ ಭ್ರಮರಾಂಬ ಆರಿಸಿದ್ದೇ ಆಯಿತು. ಅದರ ಕುಪ್ಪಸಕ್ಕೆ ಒಳಗಿನಿಂದ ಮೆತ್ತನೆಯ ಹತ್ತಿ ಬಟ್ಟೆ ಕೊಟ್ಟು ಹೊಲಿಸಬೇಕೆಂದು ಕೊಟ್ರಮ್ಮ ಕೈಸನ್ನೆ ಮಾಡಿ ತೋರಿಸಿದಳು. ಬೀಗಿತ್ತಿಗೆಂದು ಭ್ರಮರಾಂಬ ತೆಗೆದ ಸೀರೆಯ ಬಣ್ಣ ಮಾತ್ರ ಕೊಟ್ರಮ್ಮನಿಗೆ ಒಂಚೂರೂ ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂದು ಮುಖದ ಮೇಲೇ ಹೇಳಿದಳು. ಭ್ರಮರಾಂಬ ಕೂಡ ಮುಖದ ಮೇಲೇ ಏನೋ ಹೇಳಿ ಅದನ್ನೇ ಕಟ್ಟಿಸಿದಳು.

ಎಲ್ಲ ಮುಗಿದು ಹೊಸ ಬಟ್ಟೆ ಹಾಸಿ, ಸೀರೆ ಪಂಚೆಗಳನ್ನು ಅದರಲ್ಲಿಟ್ಟು, ಅರಿಸಿನ ಕುಂಕುಮ ಏರಿಸಿದರು. ಎರಡು ತುದಿ ಭ್ರಮರಾಂಬನ ಕೈಯಲ್ಲಿ, ಎರಡು ತುದಿ ಕೊಟ್ರಮ್ಮನ ಕೈಯಲ್ಲಿ. ಶೈಲಜಾ ಉಸಿರು ಬಿಗಿಹಿಡಿದು ತಾಯಿಯನ್ನೇ ನೋಡಿದಳು.

ಕೊಟ್ರಮ್ಮ ಗಂಟು ಹಾಕಲಿಲ್ಲ. ತುದಿಗಳನ್ನು ಹಿಡಿದುಕೊಂಡೇ ಬೀಗಿತ್ತಿಯ ಕಣ್ಣಿಗೆ ಕಣ್ಣಿಟ್ಟು ಕನ್ನಡದಲ್ಲಿ ಮಾತು ತೆಗೆದಳು. "ನೋಡ್ರಿ ಬೀಗಿತ್ತೇರ. ನನ್ನ ಮಗಳು ಮುಂಜಾನಿ ಎದ್ದ ಕೂಡ್ಲೇ ಯಾರ ಜೋಡಿನೂ ಮಾತಾಡಂಗಿಲ್ಲ, ಅದು ಸೊಕ್ಕಲ್ಲ, ಹಂಗ ಅದಾಳ. ಸಿಡಿಲು ಬಡಿದ್ರ ಹೆದರ್ತಾಳ, ಹೇಳ್ಕೊಳ್ಳಂಗಿಲ್ಲ. ಜ್ವರ ಬಂದ್ರೂ ಹೇಳಂಗಿಲ್ಲ. ನೋವಾದ್ರ ನಗ್ತಾಳ ರೀ ಆಕಿ. ನಾ ಹಡೆದಾಕಿ, ನನಗ ಗೊತ್ತಾಗ್ಲಿಲ್ಲ. ನಿಮಗ ಗೊತ್ತಾತು."

"ಅತ್ತೀ, ಅಮ್ಮಗ ನಾನು ಹೇಳ್ಲಾ?" ಎಂದ ಈಶ್ವರ್.

"ಬ್ಯಾಡ!" ಎಂದಳು ಕೊಟ್ರಮ್ಮ. ಭ್ರಮರಾಂಬನೂ ಅದೇ ಹೊತ್ತಿಗೆ ಮಗನ ಕಡೆ ಅಂಗೈ ಎತ್ತಿದಳು.

ಆಕೆಗೆ ಇದರಲ್ಲಿ ಎಷ್ಟು ತಿಳಿಯಿತೋ ಶಿವನೇ ಬಲ್ಲ. ಆದರೆ ಕೊಟ್ರಮ್ಮ ಮಾತು ಮುಗಿಸುವವರೆಗೂ ರೆಪ್ಪೆ ಬಡಿಯದೆ ಕೇಳಿದಳು. ಆಮೇಲೆ ತನ್ನ ಸರದಿ ತೆಗೆದುಕೊಂಡು ತೆಲುಗಿನಲ್ಲಿ ಅಷ್ಟೇ ಉದ್ದ ಮಾತಾಡಿದಳು. ನಡುವೆ ಒಂದು ಸಲ ಮಗನನ್ನು ತೋರಿಸಿದಳು, ಒಂದು ಸಲ ಎದೆ ಮುಟ್ಟಿಕೊಂಡಳು, ಕೊನೆಗೆ ದನಿ ಸಣ್ಣದಾಯಿತು. ಜನ್ಮದಲ್ಲಿ ಮೊದಲ ಸಲ ಕೊಟ್ರಮ್ಮ ಬಾಯಿ ಮುಚ್ಚಿ, ಇನ್ನೊಬ್ಬರ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಳು.

ಕೇಳಿ ಮುಗಿದ ಮೇಲೆ ಗಂಟು ಹಾಕಿದಳು. ಕಣ್ಣು ಬೀಗಿತ್ತಿಯ ಮೇಲೇ ಇದ್ದುದರಿಂದ ಅದು ಸಡಿಲಾಯಿತು. ಭ್ರಮರಾಂಬ ಅದನ್ನು ಜಗ್ಗಿ ನೋಡಿ, ಗೊಣಗುತ್ತ ಬಿಚ್ಚಿ, ತುದಿಗಳನ್ನು ಮತ್ತೆ ಕೊಟ್ರಮ್ಮನ ಕೈಗೆ ತುರುಕಿದಳು. ಈ ಸಲ ಇಬ್ಬರೂ ಆ ಕಡೆ ಈ ಕಡೆ ಕೂತು, ಜೋರಾಗಿ ಎಳೆದು ಕಟ್ಟಿದರು.